ಅಪ್ಪನ ದಾಖಲೆಗೆ ಸೇರಿದ ಎರಡು ಮೆಡಲ್: ಎಲ್ಲರಿಗೂ ನಮ್ಮ ಮನೆಯ ನಮಸ್ಕಾರ

ಅಪ್ಪನ ಸೈನ್ಯದ ಸೇವಾ ದಾಖಲೆಯಲ್ಲಿ ಬಿಟ್ಟುಹೋಗಿದ್ದ 1971ರ ಯುದ್ಧದ ಮೆಡಲ್‌ಗಳು, ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್, ಎರಡೂ ಈಗ ಸೇರಿವೆ. ತಿದ್ದುಪಡಿ ಆಗಿದೆ ಅನ್ನುವ ಪತ್ರ ಮೊದಲು ಬಂತು. ಮೆಡಲ್‌ಗಳು ಈ ವಾರ ಅಂಚೆಯಲ್ಲಿ ದಿಘಿಯ ನಮ್ಮ ಮನೆಗೆ ಬಂದವು. ಫೋನ್ ಮಾಡಿ ವಿಚಾರಿಸುತ್ತಿರುವ ಎಲ್ಲರಿಗೂ ವಿಷಯ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಈ ಕೆಲಸಕ್ಕೆ ಕೈ ಹಚ್ಚಿದವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಯಾರು ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು.

ಅಪ್ಪ ಚಿಕ್ಕೋಡಿ ತಾಲ್ಲೂಕಿನವರು. 1968ರಲ್ಲಿ ಸೈನ್ಯ ಸೇರಿ, 1985ರಲ್ಲಿ ಹವಾಲ್ದಾರ್ ಆಗಿ ಪೆನ್ಶನ್ ಮೇಲೆ ಬಂದರು. ಕೆಲಸ ಡ್ರೈವರ್. ಕೊನೆಯ ಪೋಸ್ಟಿಂಗ್ ಪುಣೆಯಲ್ಲಿತ್ತು, ಹಾಗಾಗಿ ನಾವೂ ಇಲ್ಲೇ ನಿಂತೆವು.

1971ರ ನವೆಂಬರಿನಲ್ಲಿ ಅವರನ್ನು ಸ್ವಂತ ಯೂನಿಟ್ಟಿನಿಂದ ಬೇರೊಂದು ಯೂನಿಟ್ಟಿಗೆ ಅಟ್ಯಾಚ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಸೇರಿಸಿ, ಪೂರ್ವಕ್ಕೆ ಕಳಿಸಿದರು. ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಆ ದಿನಗಳಲ್ಲಿ ಅಪ್ಪ ಪಶ್ಚಿಮ ಬಂಗಾಳದ ಗಡಿಯ ಬನಗಾಂವ್ ಕಡೆಯಿಂದ ಜೆಸ್ಸೋರ್ ರಸ್ತೆಯಲ್ಲಿ ಶಕ್ತಿಮಾನ್ ಲಾರಿ ತುಂಬ ಮದ್ದುಗುಂಡು ಸಾಗಿಸುತ್ತಿದ್ದರು. ರಾತ್ರಿ ಹೆಡ್‌ಲೈಟ್ ಹಾಕುವ ಹಾಗಿರಲಿಲ್ಲ. ರಸ್ತೆಯ ಎರಡೂ ಕಡೆ ಹಳೆಯ ದೊಡ್ಡ ಮರಗಳು, ಕತ್ತಲೆ ಇನ್ನೂ ಜಾಸ್ತಿ. ಮಿಲಿಟರಿ ಲಾರಿಗಳ ಹಿಂದಿನ ಚಕ್ರಗಳ ನಡುವೆ ಇರುವ ಡಿಫರೆನ್ಶಿಯಲ್‌ಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಮುಂದಿನ ಗಾಡಿಯ ಆ ಬಿಳಿ ಗುಂಡನ್ನೇ ನೋಡಿಕೊಂಡು ಹಿಂದಿನವನು ಓಡಿಸಬೇಕು. ಹಗಲಾದರೆ ಅದೇ ರಸ್ತೆಯ ಅಂಚಿನಲ್ಲಿ ಗಂಟುಮೂಟೆ ಹೊತ್ತ ನಿರಾಶ್ರಿತರು. ಅವರ ಬಗ್ಗೆ ಮಾತಾಡುವಾಗ ಅಪ್ಪನ ಗಂಟಲು ಇವತ್ತಿಗೂ ಕಟ್ಟುತ್ತದೆ.

ಆ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ್ ಮೆಡಲ್ ಕೊಟ್ಟರು. ಪೂರ್ವದ ಕಾರ್ಯಾಚರಣೆಯಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಸೈನ್ಯ ಬಿಡುವಾಗ ಕೊಟ್ಟ ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇತ್ತು, 9 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇತ್ತು. ಯುದ್ಧದ ಎರಡೂ ಇರಲಿಲ್ಲ. ಈ ಮೆಡಲ್‌ಗಳಿಂದ ಪೆನ್ಶನ್ನಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಅದಕ್ಕೇ ಅಪ್ಪ ಅಷ್ಟು ವರ್ಷ ಕೇಳಿರಲಿಲ್ಲ. "ನಾ ಅಲ್ಲಿ ಇದ್ದದ್ದು ನನಗ ಗೊತ್ತದ, ಸಾಕಲ್ಲ" ಅನ್ನುತ್ತಿದ್ದರು.

2021ರಲ್ಲಿ ಆ ಗೆಲುವಿಗೆ 50 ವರ್ಷ ತುಂಬಿದಾಗ ಊರೂರಲ್ಲಿ ಹಳೆಯ ಸೈನಿಕರನ್ನು ಕರೆದು ಸನ್ಮಾನ ಮಾಡಿದರು. ಒಂದು ಕಾರ್ಯಕ್ರಮದವರು ಅಪ್ಪನ ಡಿಸ್ಚಾರ್ಜ್ ಬುಕ್ ನೋಡಿ, ಇದರಲ್ಲಿ ಪೂರ್ವಿ ಸ್ಟಾರ್ ಇಲ್ಲವಲ್ಲ ಅಂತ ಹೆಸರು ಬಿಟ್ಟರು. ಪಟ್ಟಿ ಮಾಡುವವರಿಗೆ ಕಾಗದ ಬೇಕು, ಅದು ಸರಿಯೇ. ಆದರೆ ಆ ಸಂಜೆ ಅಪ್ಪ ಊಟ ಮಾಡಲಿಲ್ಲ. ಮೆಡಲ್ ಇಲ್ಲ ಅನ್ನುವುದು ಬೇರೆ, ನೀನು ಅಲ್ಲಿ ಇರಲೇ ಇಲ್ಲ ಅಂದಂತೆ ಆಗುವುದು ಬೇರೆ, ಅಲ್ವಾ? ಅವತ್ತು ನಾನು ಈ ಕೆಲಸ ಹಿಡಿದೆ.

ಮೊದಲ ನಮಸ್ಕಾರ ವಿಶ್ರಾಂತವಾಡಿಯ ಸುಬೇದಾರ್ ಸಾಹೇಬರಿಗೆ. ಸೈನ್ಯದಲ್ಲಿ ಕ್ಲರ್ಕ್ ಆಗಿ ಬದುಕು ಕಳೆದವರು. ನಾವು ಬರೆದ ಮೊದಲ ಅರ್ಜಿಗೆ ದಾಖಲೆ ಕಚೇರಿಯಿಂದ "ದಾಖಲೆಯಲ್ಲಿ ಇಲ್ಲ" ಅಂತ ಎರಡು ಸಾಲಿನ ಉತ್ತರ ಬಂದಿತ್ತು. ಅದನ್ನು ಓದಿ ಅವರು ಹೇಳಿದ್ದು ಇಷ್ಟೇ: ದಾಖಲೆಯಲ್ಲಿ ಇಲ್ಲ ಅನ್ನುವುದೇ ನಮ್ಮ ದೂರು, ಅದನ್ನೇ ಉತ್ತರವಾಗಿ ಕೊಟ್ಟಿದ್ದಾರೆ, ಯಾಕೆ ಇಲ್ಲ ಅಂತ ಕೇಳೋಣ.

ಅವರೇ ನನಗೆ ಎಲ್ಲ ತಿಳಿಸಿ ಹೇಳಿದರು. ಸೈನಿಕನ ರಜೆ, ಬಡ್ತಿ, ಮದುವೆ, ಮಗು, ಮೆಡಲ್, ಎಲ್ಲವನ್ನೂ ಯೂನಿಟ್ಟು ಪಾರ್ಟ್ ಟು ಆರ್ಡರ್ ಅಂತ ಹೊರಡಿಸುತ್ತದೆ. ಆ ಆರ್ಡರ್ ದಾಖಲೆ ಕಚೇರಿಗೆ ಹೋಗಿ, ಅಲ್ಲಿ ಅವನ ಶೀಟ್ ರೋಲ್‌ನಲ್ಲಿ, ಅಂದರೆ ಸೇವೆಯ ವಿವರ ಬರೆದಿಡುವ ಹಾಳೆಯಲ್ಲಿ, ಏರಬೇಕು. ಡಿಸ್ಚಾರ್ಜ್ ಬುಕ್ ತಯಾರಾಗುವುದು ಶೀಟ್ ರೋಲ್ ನೋಡಿಕೊಂಡು. ಹಾಗಾಗಿ ಬುಕ್ಕಿನ ಮೇಲೆ ಜಗಳ ಮಾಡಿ ಉಪಯೋಗ ಇಲ್ಲ, ಶೀಟ್ ರೋಲ್ ತರಿಸಬೇಕು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅಪ್ಪನ ಹೆಸರಲ್ಲಿ ಅರ್ಜಿ ಹಾಕಿಸಿದರು. ಕಾಯ್ದೆ ಹೇಳುವ 30 ದಿನದ ಒಳಗೆ ನಕಲು ಬಂತು.

ಆ ನಕಲನ್ನು ಅವರು ನಮ್ಮ ಊಟದ ಟೇಬಲ್ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಸಾಲು ಸಾಲು ಓದಿದರು. ಮಸುಕಾದ ಟೈಪು, ಮೇಲೊಂದು ಕೆಳಗೊಂದು ಸಹಿ. 1971ರ ನವೆಂಬರಿನಲ್ಲಿ ಅಟ್ಯಾಚ್ ಆದ ಸಾಲು ಇತ್ತು. ಅದರ ಕೆಳಗಿನ ಸಾಲೇ 1972ರ ಮಾರ್ಚಿನಲ್ಲಿ ಸ್ವಂತ ಯೂನಿಟ್ಟಿಗೆ ವಾಪಸ್ ಬಂದದ್ದು. ನಡುವೆ ಏನೂ ಇಲ್ಲ. ಸಾಹೇಬರು ಆ ಎರಡು ಸಾಲಿನ ನಡುವೆ ಬೆರಳಿಟ್ಟು, "ಹವಾಲ್ದಾರ್ ಸಾಬ್, ನಿಮ್ಮ ಯುದ್ಧ ಇಲ್ಲಿ ಇಳಿದುಹೋಗಿದೆ" ಅಂದರು. ಅಟ್ಯಾಚ್ ಆದ ಯೂನಿಟ್ಟು ಹೊರಡಿಸಿದ ಆರ್ಡರ್ ಅಪ್ಪನ ಹಾಳೆಗೆ ಬಂದು ಮುಟ್ಟಿರಲಿಲ್ಲ. ಸಂಗ್ರಾಮ್ ಮೆಡಲ್‌ಗೆ ತೊಂದರೆ ಇರಲಿಲ್ಲ, ಅಪ್ಪ ಆಗ ಸೇವೆಯಲ್ಲಿದ್ದರು ಅನ್ನುವುದು ಅದೇ ಹಾಳೆಯಲ್ಲಿತ್ತು. ಪೂರ್ವಿ ಸ್ಟಾರ್‌ಗೆ ಮಾತ್ರ ಅವರು ಪೂರ್ವದಲ್ಲಿ ಇದ್ದದ್ದಕ್ಕೆ ಪುರಾವೆ ಬೇಕಾಯಿತು.

ನಿಪ್ಪಾಣಿಯ ಅತ್ತೆಗೆ ನಾವು ಏನು ಕೊಟ್ಟರೂ ಕಡಿಮೆ. ಅಜ್ಜಿ ತೀರಿಕೊಂಡಾಗ ಅವರ ಟ್ರಂಕು ಅತ್ತೆಯ ಮನೆಗೆ ಹೋಗಿತ್ತು. ಹಳೇ ಸೀರೆಗಳ ಕೆಳಗೆ ಅಪ್ಪ ಬರೆದ ಕಾಗದಗಳ ಕಟ್ಟು. ಎಷ್ಟು ಸಲ ಮನೆ ಬದಲಿಸಿದರೂ ಅತ್ತೆ ಅದನ್ನು ಒಗೆಯಲಿಲ್ಲ. ಅದರಲ್ಲಿ 1971ರ ಡಿಸೆಂಬರಿನದೊಂದು ಇತ್ತು. "ನಾ ಇಲ್ಲಿ ಆರಾಮ ಅದೀನಿ, ಕಾಳಜಿ ಮಾಡಬ್ಯಾಡ್ರಿ. ಎತ್ತಿಗೆ ಮೇವು ಅದನೋ ಇಲ್ಲೋ ಬರೀರಿ." ಯುದ್ಧದ ಬಗ್ಗೆ ಒಂದು ಅಕ್ಷರ ಇಲ್ಲ, ಊರಿನ ಹೆಸರು ಇಲ್ಲ. ರಣರಂಗದ ಅಂಚೆಯಲ್ಲಿ ಎಲ್ಲಿದ್ದೇವೆ ಅಂತ ಬರೆಯುವ ಹಾಗಿರಲಿಲ್ಲ. ಆದರೆ ವಿಳಾಸದ ಕೊನೆಗೆ ಅಪ್ಪನ ಕೈಯಲ್ಲೇ ಬರೆದದ್ದು: ಕೇರಾಫ್ 99 ಎಪಿಒ. ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ. ಪಶ್ಚಿಮ ಮತ್ತು ಉತ್ತರದ ಯೂನಿಟ್ಟುಗಳಿಗೆ 56 ಎಪಿಒ, ಪೂರ್ವದವುಗಳಿಗೆ 99 ಎಪಿಒ. ಸುಬೇದಾರ್ ಸಾಹೇಬರು ಆ ಸಂಖ್ಯೆ ನೋಡಿದ ಕೂಡಲೇ ಎದ್ದು ನಿಂತರು. ಕಾಗದದಲ್ಲಿ ಯೂನಿಟ್ಟಿನ ಹೆಸರೂ ಇತ್ತು, ತಾರೀಕೂ ಇತ್ತು.

ಆಮೇಲೆ ಸಾತಾರಾ ಜಿಲ್ಲೆಯ ಕಾಕಾ. ಅಪ್ಪನ ಜೊತೆ ಅದೇ ಯೂನಿಟ್ಟಿಗೆ ಅಟ್ಯಾಚ್ ಆಗಿದ್ದ ಡ್ರೈವರ್. ಅಪ್ಪನ ಹಳೇ ಡೈರಿಯಲ್ಲಿ ಅವರ ಹಳ್ಳಿಯ ಹೆಸರು ಮಾತ್ರ ಇತ್ತು. ಆ ಊರಿನ ಪೋಸ್ಟ್‌ಮನ್ ಹುಡುಗ ನಮ್ಮ ಕಾಗದ ಹಿಡಿದುಕೊಂಡು ಮನೆ ಮನೆ ಕೇಳಿ ಅವರನ್ನು ಪತ್ತೆ ಹಚ್ಚಿದ. ಆ ಹುಡುಗನಿಗೂ ನಮ್ಮ ನಮಸ್ಕಾರ. ಕಾಕಾಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೂ ಮಗನ ಮೋಟರ್‌ಸೈಕಲ್ ಹಿಂದೆ ಕೂತು ತಾಲ್ಲೂಕಿಗೆ ಹೋಗಿ ಅಫಿಡವಿಟ್ ಮಾಡಿಸಿದರು. ಮರಾಠಿಯಲ್ಲಿ ಅವರು ಹೇಳಿದ ಒಂದು ಮಾತು ಅದರಲ್ಲಿ ಹಾಗೇ ಇದೆ: "ಜೆಸ್ಸೋರ್ ರಸ್ತೆಯಲ್ಲಿ ಇವನ ಗಾಡಿ ನನ್ನ ಗಾಡಿಯ ಮುಂದೆ ಇರುತ್ತಿತ್ತು. ಇವನ ಗಾಡಿಯ ಬಿಳಿ ಬಣ್ಣ ನೋಡಿಕೊಂಡೇ ನಾನು ಜೀವಂತ ಬಂದೆ." ಅಪ್ಪ ಅದನ್ನು ಓದಿಸಿಕೊಂಡು ಸುಮ್ನೆ ಕೂತರು. ಅವರಿಬ್ಬರೂ ಫೋನಿನಲ್ಲಿ ಮೊದಲ ಸಲ ಮಾತಾಡಿದ ದಿನ ನಮ್ಮ ಮನೆಯಲ್ಲಿ ಹಬ್ಬ.

ಕಾಕಾ ಇನ್ನೊಂದು ದೊಡ್ಡ ಉಪಕಾರ ಮಾಡಿದರು. ತಮ್ಮ ಶೀಟ್ ರೋಲ್‌ನ ನಕಲು ತರಿಸಿಕೊಟ್ಟರು. ಅವರ ಹಾಳೆಯಲ್ಲಿ ಪೂರ್ವಿ ಸ್ಟಾರ್ ಏರಿತ್ತು, ಪಕ್ಕದಲ್ಲೇ ಪಾರ್ಟ್ ಟು ಆರ್ಡರ್‌ನ ನಂಬರು ಮತ್ತು ತಾರೀಕು. ನಮ್ಮ ಎರಡನೇ ಅರ್ಜಿಯಲ್ಲಿ ಅದೇ ನಂಬರು ಹಾಕಿ, ಈ ಆರ್ಡರ್ ಒಂದು ಸಲ ತೆಗೆದು ನೋಡಿ ಅಂತ ಕೇಳಿದೆವು.

ಅದನ್ನು ನಿಜಕ್ಕೂ ತೆಗೆದು ನೋಡಿದ ಕ್ಲರ್ಕ್‌ಗೆ ಕೈಮುಗಿಯುತ್ತೇನೆ. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ. ಅಪ್ಪ ಸೈನ್ಯದಲ್ಲಿದ್ದಾಗ ಅವರು ಹುಟ್ಟೇ ಇರಲಿಲ್ಲ. ಕಡತ ಹಳೆಯದು, ಸಿಗಲಿಲ್ಲ ಅಂತ ಒಂದು ಸಾಲು ಬರೆದು ಮುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹಳೇ ಕಟ್ಟುಗಳನ್ನು ಬಿಚ್ಚಿ ಆ ಆರ್ಡರ್ ಹುಡುಕಿದರು. ಅಪ್ಪನ ಹೆಸರು ಅದರಲ್ಲಿತ್ತು! ಆದರೆ ಆರ್ಮಿ ನಂಬರಿನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು. ಆ ನಂಬರಿನ ಹಾಳೆ ಹುಡುಕಿ ಸಿಗದೆ, ಅಂದಿನವರು ಎಂಟ್ರಿ ಮಾಡದೆ ಬಿಟ್ಟಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇರಲಿಲ್ಲ. ಅವಸರದಲ್ಲಿ ಟೈಪ್ ಮಾಡಿದ ಎರಡು ಅಂಕಿ, ಅಷ್ಟೇ. ಅದಕ್ಕೆ ಒಬ್ಬ ಮನುಷ್ಯನ ಯುದ್ಧ ಐವತ್ತು ವರ್ಷ ಕಾಗದದಲ್ಲಿ ಇಲ್ಲದಂತಾಯಿತು. ಕಾಗದ, ಅಫಿಡವಿಟ್, ಆರ್ಡರ್ ಎಲ್ಲ ಜೋಡಿಸಿ ಅವರೇ ಮೇಲಿನ ಅಧಿಕಾರಿಯ ಮುಂದೆ ಇಟ್ಟರು. ಶೀಟ್ ರೋಲ್ ತಿದ್ದಿದ ಮೇಲೆ ಮೆಡಲ್‌ಗೆ ದೆಹಲಿಗೆ ಬರೆದರು.

ಪಿಂಪ್ರಿಯ ವಕೀಲ ಅಕ್ಕ, ನೀವು ಅರ್ಜಿಗಳನ್ನೆಲ್ಲ ತಿದ್ದಿಕೊಟ್ಟು ಫೀ ಅಂದರೆ ಸಿಟ್ಟಾದಿರಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಮುಂಬೈಯಲ್ಲೇ ಇದೆ, ಬೇಕಾದರೆ ಅಲ್ಲಿಗೂ ಹೋಗೋಣ ಅಂತ ಧೈರ್ಯ ಕೊಟ್ಟದ್ದೂ ನೀವೇ. ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ನಮ್ಮ ಅರ್ಜಿಗೆ ಶಿಫಾರಸು ಪತ್ರ ಹಚ್ಚಿಕೊಟ್ಟವರಿಗೆ, ಅಪ್ಪನಿಗೆ ಕುರ್ಚಿ ಹಾಕಿ ಚಹಾ ಕೊಟ್ಟವರಿಗೆ ಧನ್ಯವಾದ. ಕ್ಯಾಂಪಿನ ಮಿಲಿಟರಿ ಟೈಲರ್ ಅಂಗಡಿಯವರು ನಾಲ್ಕೂ ಮೆಡಲ್‌ಗಳನ್ನು ಸಾಲಾಗಿ ಒಂದೇ ಪಟ್ಟಿಗೆ ಕೂಡಿಸಿ ಕೊಟ್ಟಿದ್ದಾರೆ. ನಮ್ಮ ಕನ್ನಡ ಬಳಗದ ಹಿರಿಯರು ಪ್ರತಿ ಭೇಟಿಯಲ್ಲೂ "ಏನಾತು ಅಪ್ಪನ ಕೆಲಸ" ಅಂತ ಕೇಳುತ್ತಿದ್ದಿರಿ. ಆ ಕೇಳುವುದೇ ಎಷ್ಟೋ ಸಲ ನನ್ನನ್ನು ಮುಂದಿನ ಕಾಗದ ಬರೆಯಲು ಕೂರಿಸಿತು.

ಅವ್ವನ ಬಗ್ಗೆ ಬರೆದರೆ ಅವ್ವನಿಗೆ ಇಷ್ಟ ಆಗುವುದಿಲ್ಲ. ಆದರೆ ಅಪ್ಪನ ಪ್ರತಿ ಕಾಗದ, ಹಳೇ ಪೆನ್ಶನ್ ಆರ್ಡರ್ ಸಮೇತ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾಪಾಡಿದ್ದು ಅವಳು. ಪೂರ್ವಿ ಸ್ಟಾರ್ ಐದು ಮೂಲೆಯ ಕಂಚಿನ ನಕ್ಷತ್ರ. ಅದನ್ನು ಅಪ್ಪ ಮೊದಲು ಕೊಟ್ಟದ್ದೂ ಅವಳ ಕೈಗೆ.

ಮನೆಯಲ್ಲಿ ಹಳೇ ಸೈನಿಕರು ಇರುವವರಿಗೆ ಒಂದು ಮಾತು. ಡಿಸ್ಚಾರ್ಜ್ ಬುಕ್ ತೆಗೆದು, ಅವರ ಪಕ್ಕ ಕೂತು ಓದಿ. ಎಲ್ಲೆಲ್ಲಿ ಇದ್ದಿರಿ ಅಂತ ಕೇಳಿ, ಬುಕ್ಕಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಶೀಟ್ ರೋಲ್ ತರಿಸಿ. ಜೊತೆಗೆ ಇದ್ದವರು ಬದುಕಿರುವಾಗಲೇ ಅವರ ಮಾತು ಬರೆಸಿಕೊಳ್ಳಿ. ಕಾಕಾ ಇಲ್ಲದಿದ್ದರೆ ನಮಗೆ ಆ ಆರ್ಡರ್‌ನ ನಂಬರು ಸಿಗುತ್ತಲೇ ಇರಲಿಲ್ಲ.

ಈಗ ಅಪ್ಪನಿಗೆ ಹೊಸ ಹಟ ಬಂದಿದೆ. ಅದೇ ಆರ್ಡರ್‌ನಲ್ಲಿ ಗಡಹಿಂಗ್ಲಜ ಕಡೆಯ ಇನ್ನೊಬ್ಬ ಡ್ರೈವರ್ ಹೆಸರೂ ಇದೆ. ಅವರು ತೀರಿಕೊಂಡು ಬಹಳ ವರ್ಷ ಆಯಿತು. ಅವರ ಡಿಸ್ಚಾರ್ಜ್ ಬುಕ್ಕಿನಲ್ಲೂ ಪೂರ್ವಿ ಸ್ಟಾರ್ ಇಲ್ಲ. ಅವರ ಹೆಂಡತಿ ಊರಲ್ಲೇ ಇದ್ದಾರೆ, ಕನ್ನಡದವರೇ. "ನಂದು ಆತು, ಅಂವಂದೂ ಆಗಬೇಕು" ಅಂತ ಅಪ್ಪ ದಿನಾ ಬೆಳಿಗ್ಗೆ ನೆನಪಿಸುತ್ತಾರೆ. ಸುಬೇದಾರ್ ಸಾಹೇಬರು ಅರ್ಜಿ ಬರೆದು ಮುಗಿಸಿದ್ದಾರೆ. ಈ ಸಲ ಅಫಿಡವಿಟ್ ಕೊಡುವುದು ಅಪ್ಪ ಮತ್ತು ಕಾಕಾ ಇಬ್ಬರೂ. ಆ ತಾಯಿಯ ಸಹಿ ತರಲು ಭಾನುವಾರ ನಾವು ಗಡಹಿಂಗ್ಲಜಕ್ಕೆ ಹೋಗುತ್ತಿದ್ದೇವೆ. ಕಾರು ಕೊಡುತ್ತೇನೆ ಅಂದ ಪಕ್ಕದ ಮನೆಯ ದಾದಾಗೆ ಈಗಲೇ ಧನ್ಯವಾದ ಹೇಳಿಬಿಡುತ್ತೇನೆ.