ಉರಾಕ್ ಸೀಸನ್ ದಾಟಿಸಿದವರಿಗೆ ನಮಸ್ಕಾರ

ಮಳೆ ಹಿಡಿಯಿತು, ಗೇರುಹಣ್ಣಿನ ರಸದಿಂದ ಉರಾಕ್, ಫೆನಿ ಎಂಬ ಮದ್ಯ ಇಳಿಸುವ ಗೋವಾದ ಭಟ್ಟಿಗಳು ಆರಿದವು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವ ವಾಸ್ಕೋ, ಬೈನಾ, ಜುವಾರಿನಗರದ ನಮ್ಮ ಕನ್ನಡಿಗರಿಗೆ ಮಾರ್ಚ್‌ನಿಂದ ಮೇವರೆಗಿನ ದಿನಗಳು ಕಠಿಣ. ಅದನ್ನು ದಾಟಿಸಲು ನೆರವಾದವರಿಗೆ, ಇಲ್ಲಿನ ಔಷಧ ಅಂಗಡಿಯವರು ಮತ್ತು ನರ್ಸ್‌ಗಳಾದ ನಾವು ಋಣಿ.

ಮೊದಲ ನಮಸ್ಕಾರ, ‘ಎಷ್ಟು ಕುಡೀತೀರಿ?’ ಎಂದಾಗ ಇದ್ದದ್ದು ಇದ್ದಹಾಗೆ ಹೇಳಿದವರಿಗೆ. ವಾರ್ಫರಿನ್ ಆಗಲಿ ಅಸಿಟ್ರಾಮ್ ಆಗಲಿ, ಡೋಸ್ ನಿರ್ಧಾರವಾಗುವುದು ಆ ಉತ್ತರ ನೋಡಿ. ಒಂದೇ ರಾತ್ರಿ ವಿಪರೀತ ಕುಡಿದರೆ ಲಿವರ್ ಈ ಮಾತ್ರೆಯನ್ನು ನಿಧಾನವಾಗಿ ಒಡೆಯುತ್ತದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆ) ಏರುತ್ತದೆ, ರಕ್ತಸ್ರಾವದ ಭಯ. ಏರಿದ್ದು ಕಾಣಲು ಎರಡು ಮೂರು ದಿನ ಹಿಡಿಯಬಹುದು, ಹಾಗಾಗಿ ಮರುದಿನದ ರಿಪೋರ್ಟ್ ಚೆನ್ನಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ವರ್ಷಗಟ್ಟಲೆ ದಿನವೂ ಕುಡಿಯುವವರಲ್ಲಿ ಇದೇ ಉಲ್ಟಾ: ಲಿವರ್ ಈ ಮಾತ್ರೆಯನ್ನು ಬೇಗ ಒಡೆದು ಐಎನ್‌ಆರ್ ಇಳಿಯಬಹುದು, ಹೃದಯದಲ್ಲಿ ಕೃತಕ ಕವಾಟ ಇದ್ದವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಲಿವರ್ ಕೆಟ್ಟಮೇಲೆ ಮತ್ತೆ ರಕ್ತಸ್ರಾವದ ಕಡೆಗೇ ವಾಲುತ್ತದೆ. ಹಾಗೆಂದು ದಿನನಿತ್ಯ ಕುಡಿಯುವವರು ತಾವಾಗಿಯೇ ಒಮ್ಮೆಲೇ ಬಿಡಬಾರದು. ನಡುಕ, ಫಿಟ್ಸ್ ಬರಬಹುದು, ಡೋಸ್ ಕೂಡ ಬದಲಿಸಬೇಕಾದೀತು. ವೈದ್ಯರಿಗೆ ತಿಳಿಸಿಯೇ ಬಿಟ್ಟವರ ಧೈರ್ಯ ದೊಡ್ಡದು.

ಕಣ್ಣಳತೆಯಲ್ಲಿ ಸುರಿಯದೆ ಅಳೆದು ಕೊಟ್ಟ ತಾವೆರ್ನಾ ಎಂಬ ಇಲ್ಲಿನ ಮದ್ಯದಂಗಡಿಯವರಿಗೂ ವಂದನೆ. 42.8% ಇರುವ ಫೆನಿ 30 ಮಿ.ಲೀ. ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. ಉರಾಕ್ ಹಗುರ ಎನ್ನುತ್ತಾರೆ. ಲಿಮ್ಕಾ, ಉಪ್ಪು, ಹಸಿಮೆಣಸು ಬಿದ್ದರೆ ಶರಬತ್ತಿನಂತೆ ಇಳಿದುಹೋಗುತ್ತದೆ. ಅದನ್ನು 15% ಎಂದಿಟ್ಟುಕೊಂಡರೂ 200 ಮಿ.ಲೀ. ಗ್ಲಾಸಿನಲ್ಲಿ ಸುಮಾರು 24 ಗ್ರಾಂ. ಲಿವರ್ ಚೆನ್ನಾಗಿದ್ದು, ವೈದ್ಯರು ಒಪ್ಪಿದವರಿಗೂ ದಿನಕ್ಕೆ ಒಂದೆರಡು ಸಣ್ಣ ಪೆಗ್ಗೇ ಮಿತಿ. ಆ ಒಂದು ಗ್ಲಾಸ್ ಅದನ್ನು ಮೀರಿತು. ವಾರದ ಪಾಲನ್ನು ಭಾನುವಾರಕ್ಕೆ ಕೂಡಿಡುವುದಂತೂ ಬೇಡವೇ ಬೇಡ.

ಅಪಿಕ್ಸಾಬಾನ್, ರಿವರಾಕ್ಸಬಾನ್ ಎಂಬ ಬೇರೆ ಬಗೆಯ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಐಎನ್‌ಆರ್ ಪರೀಕ್ಷೆ ಇಲ್ಲ, ಆದರೂ ಅಪಾಯ ಇದೆ. ಮದ್ಯ ಹೊಟ್ಟೆಯ ಒಳಪದರ ಕೆರಳಿಸುತ್ತದೆ, ಕಾಲು ತಪ್ಪಿಸುತ್ತದೆ.

ಮಾತ್ರೆ ಡಬ್ಬಿ ನೋಡಿಕೊಂಡ ಮನೆಯವರೇ, ರೂಮ್‌ಮೇಟ್‌ಗಳೇ, ನಿಮ್ಮ ಕೆಲಸ ಸಣ್ಣದಲ್ಲ. ಕುಡಿದ ರಾತ್ರಿ ಮರೆತ ವಾರ್ಫರಿನ್‌ಗೆ ಮರುದಿನ ಎರಡು ಪಟ್ಟು ನುಂಗಲು ಬಿಡಲಿಲ್ಲ. ಬೆಳಗಿನ ತಲೆನೋವಿಗೆ ಡಿಸ್ಪ್ರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡದೆ ನಮ್ಮನ್ನು ಕೇಳಿದಿರಿ. ಡಾಂಬರಿನಂಥ ಕಪ್ಪು ಮಲ, ಕೆಂಪು ಮೂತ್ರ ಕಂಡಾಗ ಬೆಳಗಾಗಲಿ ಎಂದು ಕಾಯಲಿಲ್ಲ. ಬಿದ್ದು ತಲೆಗೆ ಪೆಟ್ಟಾದವರನ್ನು, ನೋವಿಲ್ಲ ಎಂದು ಹಟ ಹಿಡಿದರೂ, ‘ಅಮಲು ಇಳಿಯಲಿ’ ಎಂದು ಮಲಗಿಸದೆ 108ಕ್ಕೆ ಫೋನ್ ಮಾಡಿ ಬಾಂಬೋಲಿಯ ಸರ್ಕಾರಿ ಆಸ್ಪತ್ರೆಗೆ ಕಳಿಸಿದಿರಿ. ತಲೆಯೊಳಗೆ ರಕ್ತ ಸೋರಿದಾಗಿನ ತೊದಲು, ಮಂಪರು ಅಮಲಿನಂತೆಯೇ ಕಾಣುತ್ತದೆ. ಸ್ಕ್ಯಾನ್ ಮಾಡದೆ ಗೊತ್ತಾಗದು. ಹೋಗುವಾಗ ಮಾತ್ರೆಯ ಪಟ್ಟಿಯನ್ನೂ ಜೇಬಿಗಿಟ್ಟು ಕಳಿಸಿದವರಿಗೆ ಇನ್ನೊಂದು ನಮಸ್ಕಾರ: ಯಾವ ಔಷಧ ಎಂದು ತಿಳಿದರೆ ಅದರ ಪರಿಣಾಮ ಇಳಿಸುವ ಚಿಕಿತ್ಸೆಯನ್ನು ವೈದ್ಯರು ಬೇಗ ಶುರು ಮಾಡಬಹುದು.