ಮಗಳಿಗೊಂದು ಪತ್ರ: ಚೌಕ ಒತ್ತಿದರೆ ಕೆಲಸ ಸಿಗುತ್ತಾ?

ಪ್ರೀತಿಯ ಮಗಳೇ,

ನಿನ್ನೆ ಗಮನ, ನೆನಪುಗಳನ್ನು ಚುರುಕುಗೊಳಿಸುವ ತರಬೇತಿಯ (ಕಾಗ್ನಿಟಿವ್ ರೆಮಿಡಿಯೇಷನ್ ಅನ್ನುತ್ತಾರಲ್ಲ, ಅದರ) ಸೆಷನ್ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದೆ: "ಅಪ್ಪಾ, ಕಂಪ್ಯೂಟರಿನಲ್ಲಿ ಬಣ್ಣದ ಚೌಕ ಒತ್ತಿದರೆ ನನಗೆ ಕೆಲಸ ಸಿಗುತ್ತಾ?" ನನಗೆ ಆಗ ಉತ್ತರ ಹೊಳೆಯಲಿಲ್ಲ. ಬಾಯಲ್ಲಿ ಹೇಳಿದ್ದು ಅರ್ಧ ಜಾರಿಹೋಗುತ್ತದೆ, ಬರೆದುಕೊಟ್ಟರೆ ಬೇಕಾದಾಗ ತೆಗೆದು ಓದಿಕೊಳ್ಳಬಹುದು ಎಂದು ನೀನೇ ಒಮ್ಮೆ ಹೇಳಿದ್ದೆಯಲ್ಲ, ಅದಕ್ಕೇ ಈ ಕಾಗದ.

ಉತ್ತರಕ್ಕೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಸ್ಕಿಜೋಫ್ರೀನಿಯಾಕ್ಕೆ ಮಾತ್ರೆ ಶುರುವಾದ ಕೆಲವು ತಿಂಗಳಲ್ಲಿ ನಿನಗೆ ಕೇಳುತ್ತಿದ್ದ ದನಿಗಳು ನಿಂತವು. ಯಾರೋ ಹಿಂದೆ ಬಿದ್ದಿದ್ದಾರೆ ಎಂಬ ಭಯವೂ ಇಳಿಯಿತು. ಕಾಯಿಲೆ ಹೋಯಿತು ಅಂದುಕೊಂಡೆ ನಾನು. ಆಮೇಲೂ ನೀನು ಪುಸ್ತಕದ ಒಂದೇ ಪುಟ ಹಿಡಿದು ಅರ್ಧ ಗಂಟೆ ಕೂರುತ್ತಿದ್ದೆ. ಮೂರು ಕೆಲಸ ಹೇಳಿದರೆ ಒಂದು ಮಾಡಿ ನಿಂತುಬಿಡುತ್ತಿದ್ದೆ. ಆಗೆಲ್ಲ "ಮನಸ್ಸು ಮಾಡಿದರೆ ಆಗುತ್ತೆ, ಸೋಮಾರಿತನ ಬಿಡು" ಎಂದು ರೇಗಿದೆ. ಒಂದು ಸಲವಲ್ಲ, ಎಷ್ಟೋ ಸಲ. ನೀನು ಎದುರು ಮಾತಾಡದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದು ಕಾಯಿಲೆಯದೇ ಇನ್ನೊಂದು ಪಾಲು ಎಂದು ನನಗೆ ತಡವಾಗಿ ತಿಳಿಯಿತು. ಗಮನ, ನೆನಪು, ಯೋಚನೆಯ ವೇಗ, ಮುಂದಿನ ಹೆಜ್ಜೆಯ ಲೆಕ್ಕಾಚಾರ, ಎದುರಿನವರ ಮುಖದ ಭಾವ ಗ್ರಹಿಸುವುದು, ಇವೆಲ್ಲಕ್ಕೂ ಸ್ಕಿಜೋಫ್ರೀನಿಯಾ ಪೆಟ್ಟು ಕೊಡುತ್ತದೆ. ದನಿಗಳನ್ನೂ ಭ್ರಮೆಗಳನ್ನೂ ಹತೋಟಿಗೆ ತರುವ ಮಾತ್ರೆ ಇವುಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. 1890ರ ದಶಕದಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಈ ಕಾಯಿಲೆಯನ್ನು 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂದು ಕರೆದರು, ಎಳೆಯ ವಯಸ್ಸಿನಲ್ಲೇ ಬುದ್ಧಿ ಕುಂದುವುದು ಎಂಬ ಅರ್ಥದಲ್ಲಿ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್, ಎಲ್ಲರೂ ಹಾಗೆ ಕುಸಿಯುವುದಿಲ್ಲ ಎಂದು ಕಂಡು, ಸ್ಕಿಜೋಫ್ರೀನಿಯಾ ಎಂಬ ಹೆಸರು ತಂದರು. ಹಳೆಯ ಹೆಸರು ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಹೆಸರು ಬೊಟ್ಟು ಮಾಡಿದ ತೊಂದರೆಯನ್ನು ನಮ್ಮಂಥ ಮನೆಯವರು ಇವತ್ತಿಗೂ ಕಾಯಿಲೆ ಎನ್ನದೆ ಹಟ ಎನ್ನುತ್ತೇವೆ.

ಈಗ ನಿನ್ನ ಪ್ರಶ್ನೆ. ಚೌಕ ಒತ್ತಿದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ, ಮಗಳೇ. ಹಾಗೆಂದು ಅದು ಬರೀ ಆಟವೂ ಅಲ್ಲ. ಈಗ ಹೊಳೆದ ಚೌಕ, ಎರಡು ಸರದಿ ಹಿಂದೆ ಹೊಳೆದ ಜಾಗದಲ್ಲೇ ಇದೆಯೇ ಎಂದು ನೀನು ಹೇಳಬೇಕು. ಅಂದರೆ ಹಳೆಯದನ್ನು ಹಿಡಿದಿಟ್ಟುಕೊಂಡೇ ಹೊಸದನ್ನು ನೋಡಬೇಕು, ಬೇಡವಾದದ್ದನ್ನು ಬಿಡಬೇಕು. ಯಾರಾದರೂ ದಾರಿ ಹೇಳುವಾಗ ನಾವು ಮಾಡುವುದೂ ಇದನ್ನೇ. ನೀನು ಸರಿ ಹೇಳುತ್ತ ಹೋದರೆ ಕಂಪ್ಯೂಟರ್ ಲೆವೆಲ್ ಏರಿಸುತ್ತದೆ, ತಪ್ಪಿದರೆ ಇಳಿಸುತ್ತದೆ. ನಿನ್ನ ಶಕ್ತಿಯ ಅಂಚಿನಲ್ಲೇ ನಿನ್ನನ್ನು ನಿಲ್ಲಿಸಿ ದುಡಿಸುತ್ತದೆ. ನೂರು ಸಲ ತಪ್ಪಿದರೂ ರೇಗುವುದಿಲ್ಲ. ಆ ತಾಳ್ಮೆ ನನಗಿರಬೇಕಿತ್ತು.

ಇದರಿಂದ ನಿಜವಾಗಿ ಉಪಯೋಗವಿದೆಯೇ ಎಂದು ನಾನೂ ಹುಡುಕಿ ಓದಿದೆ. 2021ರಲ್ಲಿ ಇಟಲಿಯ ಮನೋವೈದ್ಯ ಆಂತೋನಿಯೊ ವೀಟಾ ಮತ್ತು ಸಂಗಡಿಗರು ಇಂಥ ತರಬೇತಿಯ ಬಗೆಗಿನ 130 ಅಧ್ಯಯನಗಳನ್ನು, 8,851 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಗಮನ, ನೆನಪುಗಳಲ್ಲೂ ದಿನದ ಬದುಕಿನಲ್ಲೂ ಸುಧಾರಣೆ ಕಂಡಿದೆ. ಪವಾಡದಂಥದ್ದಲ್ಲ, ಸಣ್ಣದೇ. ಆದರೆ ಯಾವಾಗ ಹೆಚ್ಚು ಫಲ ಎಂಬುದನ್ನೂ ಅವರು ಹೇಳಿದ್ದಾರೆ, ನನಗೆ ಮುಖ್ಯವಾಗಿ ಕಂಡದ್ದು ಅದು: ತರಬೇತಿ ಪಡೆದ ಥೆರಪಿಸ್ಟ್ ಪಕ್ಕದಲ್ಲಿದ್ದು ತೊಡಗಿಸಿಕೊಂಡಾಗ, ನೆನಪಿಡುವ ಉಪಾಯಗಳನ್ನು ಕಲಿಸಿದಾಗ, ಇದೆಲ್ಲ ಪುನರ್ವಸತಿಯ ಬೇರೆ ಕೆಲಸಗಳ ಜೊತೆ ಬೆಸೆದಾಗ.

ಹೋದ ತಿಂಗಳು ನಾನು ಹೊರಗೆ ಕೂತು ಗಾಜಿನ ಬಾಗಿಲಿನಾಚೆ ನಿನ್ನನ್ನು ನೋಡುತ್ತಿದ್ದೆ. ಸಾಲಾಗಿ ಬರುವ ಅಂಕಿಗಳನ್ನು ನೆನಪಿಡುವ ಅಭ್ಯಾಸದಲ್ಲಿ ನೀನು ಮೂರು ಸಲ ಸೋತೆ. ಆಗ ನಿನ್ನ ಥೆರಪಿಸ್ಟ್ ಅದನ್ನು ನಿಲ್ಲಿಸಿ ಏನೋ ಕೇಳಿದರು. ಆಮೇಲೆ ನೀನೇ ಹೇಳಿದೆ, "ಹೇಗೆ ನೆನಪಿಟ್ಟೆ ಅಂತ ಕೇಳಿದರು. ಒಂದೊಂದೇ ಅಂಕಿ ಹಿಡಿಯೋದು ಬಿಟ್ಟು ಎರಡೆರಡು ಸೇರಿಸಿ ಮನಸ್ಸಲ್ಲೇ ಹೇಳ್ಕೊ ಅಂದರು. ಇದು ಮನೆಯಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತಲೂ ಕೇಳಿದರು." ಅದೇ ವಾರ ನಿನ್ನ ಅತ್ತೆ ಫೋನಿನಲ್ಲಿ ಹೊಸ ನಂಬರ್ ಹೇಳಿದಾಗ ನೀನು ಎರಡೆರಡಾಗಿ ಗುನುಗಿಕೊಳ್ಳುತ್ತ ಬಂದು ಒಂದೂ ತಪ್ಪಿಲ್ಲದೆ ಬರೆದೆ. ನೀನು ಅದನ್ನು ದೊಡ್ಡದಾಗಿ ಎಣಿಸಲಿಲ್ಲ. ನಾನು ಆಚೆ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಸೂಸನ್ ಮಕ್‌ಗರ್ಕ್ ಮತ್ತು ಕಿಮ್ ಮ್ಯೂಸರ್ ಎಂಬ ಸಂಶೋಧಕರು ಇಂಥ ಕಂಪ್ಯೂಟರ್ ಅಭ್ಯಾಸವನ್ನು, ಕೆಲಸ ಹುಡುಕಿಕೊಟ್ಟು ಅಲ್ಲಿಯೂ ಬೆಂಬಲಕ್ಕೆ ನಿಲ್ಲುವ ಸೇವೆಯ ಜೊತೆ ಸೇರಿಸಿದರು. ಆ ಸೇವೆ ಮಾತ್ರ ಸಿಕ್ಕವರಿಗಿಂತ ಎರಡೂ ಸಿಕ್ಕವರು ಹೆಚ್ಚು ಮಂದಿ ಕೆಲಸ ಹಿಡಿದರು, ಹೆಚ್ಚು ಗಂಟೆ ದುಡಿದರು. ಹಾಗಾಗಿ ಎಲ್ಲ ಲೆವೆಲ್ ಮುಗಿಯಲಿ, ಆಮೇಲೆ ಕೆಲಸ ನೋಡೋಣ ಎಂದು ಕಾಯುವುದು ಬೇಡ. ವಾರಕ್ಕೆ ಕೆಲವು ಗಂಟೆಯ ಕೆಲಸವಾದರೂ ಸರಿ, ಜೊತೆಜೊತೆಗೇ ಶುರು ಮಾಡುವ ಬಗ್ಗೆ ಮುಂದಿನ ಭೇಟಿಯಲ್ಲಿ ಥೆರಪಿಸ್ಟ್ ಹತ್ತಿರ ನೀನೇ ಮಾತೆತ್ತು.

ಸ್ಕೋರ್ ಇಳಿಯುವ ದಿನಗಳೂ ಬರುತ್ತವೆ. ನಿದ್ದೆ ಕೆಟ್ಟ ಮರುದಿನ ಇಳಿದೇ ಇಳಿಯುತ್ತದೆ. ಇನ್ನೊಂದು, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ಕೆಲವರ ನೆನಪನ್ನು ಮಂಕು ಮಾಡುವುದುಂಟು. ನಿನ್ನ ಚೀಟಿಯಲ್ಲಿ ಅದೂ ಇದೆ. ಡಾಕ್ಟರನ್ನು ಕೇಳೋಣ. ಅವರು ಹೇಳುವ ತನಕ ಯಾವ ಮಾತ್ರೆಯನ್ನೂ ನೀನಾಗಿ ನಿಲ್ಲಿಸಬೇಡ, ಕಂದಾ.

ನನ್ನ ಕಡೆಯಿಂದಲೂ ಕೆಲವು ಬದಲಾಗುತ್ತವೆ. ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇನೆ. ನೀನು ಉತ್ತರ ಹುಡುಕುತ್ತಿರುವಾಗ ನಡುವೆ ಬಾಯಿ ಹಾಕುವುದಿಲ್ಲ. ಮನೆಗೆ ಬಂದ ಕೂಡಲೇ ಸ್ಕೋರ್ ಎಷ್ಟು ಎಂದು ಕೇಳುವುದನ್ನೂ ಬಿಡುತ್ತೇನೆ, ಪರೀಕ್ಷೆ ಬರೆದು ಬಂದವಳನ್ನು ಕೇಳಿದಂತೆ ಇರುತ್ತದೆ ಅದು.

ನಾಳೆ ಹನ್ನೊಂದಕ್ಕೆ ಸೆಷನ್. ಈ ಸಲ ಫೈಲನ್ನು ನಾನು ತೆಗೆದಿಟ್ಟಿಲ್ಲ. ನೀನು ಬಾಗಿಲಿಗೆ ಅಂಟಿಸಿಕೊಂಡಿರುವ ಪಟ್ಟಿಯಲ್ಲಿ ಅದು ಮೂರನೆಯದು.

ನಿನ್ನ
ಅಪ್ಪ