ಯುದ್ಧಕೈದಿಗಳ ಹೊಣೆ ಭಾರತ ಹೊರಲಿ

ಮಾನ್ಯರೇ,

ಉಕ್ರೇನ್ ಯುದ್ಧದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡೇ ವಾದ. ಭಾರತ ಯಾರ ಕಡೆಗೂ ವಾಲದೆ ಜಾಣತನ ಮಾಡಿತು ಅಂತ ಕೆಲವರು. ಯಾಕೆ ಬಾಯಿ ಮುಚ್ಚಿಕೊಂಡಿದೆ ಅಂತ ಉಳಿದವರು. ತಟಸ್ಥ ಅಂದರೆ ದೂರ ಕೂತು ನೋಡುವುದು ಅಂತಲೇ ಇಬ್ಬರೂ ತಿಳಿದ ಹಾಗಿದೆ. ನನ್ನ ಅಪ್ಪ ತಟಸ್ಥ ದೇಶದ ಸೈನಿಕರಾಗಿ ಕೊರಿಯಾಕ್ಕೆ ಹೋಗಿದ್ದರು. ಕಲ್ಲೇಟು ತಿಂದು ಬಂದರು. ಅದಕ್ಕೇ ಈ ಪತ್ರ.

ಕೊರಿಯಾದಲ್ಲಿ ಕದನ ವಿರಾಮದ ಮಾತುಕತೆ ಶುರುವಾದದ್ದು 1951ರ ಜುಲೈನಲ್ಲಿ. ಮುಗಿದದ್ದು 1953ರ ಜುಲೈ 27ಕ್ಕೆ. ಅದರಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಹೋದದ್ದು ಒಂದೇ ಪ್ರಶ್ನೆಗೆ: ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅನ್ನುವ ಯುದ್ಧಕೈದಿಗಳನ್ನು ಏನು ಮಾಡುವುದು? ಎಲ್ಲರನ್ನೂ ಕೊಡಿ ಅಂತ ಚೀನಾ, ಉತ್ತರ ಕೊರಿಯಾ. ಬಲವಂತವಾಗಿ ಕಳಿಸಲ್ಲ ಅಂತ ದಕ್ಷಿಣ ಕೊರಿಯಾದ ಪರ ಹೋರಾಡುತ್ತಿದ್ದ ಅಮೆರಿಕ. ಅಷ್ಟು ದಿನವೂ ಗುಂಡು ಹಾರುತ್ತಲೇ ಇತ್ತು, ಜನ ಸಾಯುತ್ತಲೇ ಇದ್ದರು. 1952ರ ಕೊನೆಗೆ ನಮ್ಮ ಪ್ರತಿನಿಧಿ ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಭಾರತದ ನಿರ್ಣಯ ಇಟ್ಟರು. ಕೈದಿಗಳನ್ನು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸಿ ಅನ್ನುವುದು ಅದರ ತಿರುಳು. ಸೋವಿಯತ್ ರಷ್ಯಾ, ಚೀನಾ ಎರಡೂ ಬೇಡ ಅಂದವು. ಆರು ತಿಂಗಳಾದ ಮೇಲೆ ಎಲ್ಲರೂ ಹೆಚ್ಚುಕಡಿಮೆ ಅದೇ ದಾರಿಗೆ ಬಂದರು.

ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಸೇನಾಧಿಕಾರಿ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ ಐದು ಸಾವಿರಕ್ಕೂ ಜಾಸ್ತಿ ಭಾರತೀಯ ಸೈನಿಕರು. ಅಪ್ಪ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದರು. ಭಾರತೀಯರು ತನ್ನ ನೆಲದ ಮೇಲೆ ಕಾಲಿಡಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದಿದ್ದರು. ಹಾಗಾಗಿ ಹಡಗಿನಿಂದ ಹೆಲಿಕಾಪ್ಟರ್ ಹತ್ತಿಸಿ ಎರಡೂ ಕೊರಿಯಾಗಳ ನಡುವಿನ ಸೇನಾಮುಕ್ತ ವಲಯಕ್ಕೆ ನೇರ ಇಳಿಸಿದರು. ಅಪ್ಪ ಹೆಲಿಕಾಪ್ಟರನ್ನು ಹತ್ತಿರದಿಂದ ನೋಡಿದ್ದೇ ಅವತ್ತು.

ಅಲ್ಲಿ 22 ಸಾವಿರಕ್ಕೂ ಹೆಚ್ಚು ಕೈದಿಗಳು. ಒಬ್ಬೊಬ್ಬರನ್ನೂ ಒಂದು ಗುಡಾರಕ್ಕೆ ಕರೆತರಬೇಕು. ಆಯೋಗದವರ ಎದುರಿಗೆ ಆತನ ದೇಶದ ಅಧಿಕಾರಿ ‘ಬಾಪ್ಪಾ, ಮನೆಯವರು ಕಾಯ್ತಿದ್ದಾರೆ’ ಅಂತ ತಿಳಿಸಿ ಹೇಳುತ್ತಾನೆ. ಗುಡಾರಕ್ಕೆ ಹೊರಗೆ ಹೋಗಲು ಎರಡು ಬಾಗಿಲು. ಒಂದರಲ್ಲಿ ಹೋದರೆ ಊರಿಗೆ. ಇನ್ನೊಂದರಲ್ಲಿ ಹೋದರೆ ಮತ್ತೆ ಶಿಬಿರಕ್ಕೆ. ಪಕ್ಕದಲ್ಲಿ ಫೋನಿನ ತಂತಿ ಎಳೆಯುತ್ತಿದ್ದ ಅಪ್ಪ ಒಂದು ದಿನ ಕಂಡದ್ದು: ಇಪ್ಪತ್ತು ದಾಟದ ಹುಡುಗ ಎರಡೂ ಬಾಗಿಲ ಮಧ್ಯೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದ. ಯಾರೂ ಅವನನ್ನು ಮುಟ್ಟಲಿಲ್ಲ. ಯಾರೂ ಮುಟ್ಟಬಾರದು ಅನ್ನುವುದೇ ನಮ್ಮವರ ಕೆಲಸವಾಗಿತ್ತು ಅನ್ನುತ್ತಿದ್ದರು ಅಪ್ಪ.

ಸುಲಭ ಇರಲಿಲ್ಲ. ಊರಿಗೆ ಹೋಗ್ತೀನಿ ಅಂದವರನ್ನು ಶಿಬಿರದೊಳಗಿನ ಗುಂಪುಗಳೇ ಹೊಡೆಯುತ್ತಿದ್ದವು, ಕೊಂದದ್ದೂ ಉಂಟು. ನಮ್ಮ ಸೇನೆಯ ಮೇಜರ್ ಗ್ರೆವಾಲ್ ಅವರನ್ನು ಕೈದಿಗಳು ಒಳಗೆಳೆದುಕೊಂಡಾಗ ಥೋರಟ್ ತಾವೇ ಒಳಗೆ ನಡೆದು ಹೋಗಿ ಬಿಡಿಸಿಕೊಂಡು ಬಂದರು. ಬೇರೊಂದು ಸಲ ನಮ್ಮವರು ಗುಂಡು ಹಾರಿಸಿ ಕೆಲವು ಕೈದಿಗಳು ಸತ್ತರು. ಅಪ್ಪ ಅದನ್ನು ಮುಚ್ಚಿಡಲಿಲ್ಲ. 1954ರ ಜನವರಿಯಲ್ಲಿ ಕೆಲಸ ಮುಗಿದಾಗ ಎರಡೂ ಕಡೆಯವರು ತಿಮ್ಮಯ್ಯನವರನ್ನು ದೂರಿದರು. ಎರಡೂ ಕಡೆ ಹೋಗಲ್ಲ ಅಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ನಮ್ಮ ಸೈನಿಕರ ಜೊತೆಗೇ ಭಾರತಕ್ಕೆ ಬಂದರು. ಕೊರಿಯಾದಲ್ಲಿ ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ, ನಿಜ. ಆದರೆ ಆವತ್ತಿನ ಕದನ ವಿರಾಮ ಇನ್ನೂ ಉಳಿದಿದೆ.

ಈಗ ಉಕ್ರೇನಿಗೆ ಬರುತ್ತೇನೆ. ‘ಇದು ಯುದ್ಧದ ಕಾಲವಲ್ಲ’ ಅಂತ ನಮ್ಮ ಪ್ರಧಾನಿ 2022ರಲ್ಲಿ ಸಮರಕಂದದಲ್ಲಿ ಪುಟಿನ್ ಎದುರೇ ಹೇಳಿದರು. ಒಳ್ಳೆಯ ಮಾತು. 2024ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಶಾಂತಿ ಸಭೆಗೆ ಹೋಗಿ ಹೇಳಿಕೆಗೆ ಸಹಿ ಹಾಕದೆ ಬಂದೆವು. ರಷ್ಯಾವೇ ಇಲ್ಲದ ಸಭೆ, ಅದೂ ತಪ್ಪಲ್ಲ ಅಂದುಕೊಳ್ಳುತ್ತೇನೆ. ಆದರೆ ಕೈದಿಗಳ ವಿನಿಮಯಕ್ಕೆ ಓಡಾಡಿದವರು ಯುಎಇ, ಟರ್ಕಿ, ಸೌದಿಯವರು. ಯುದ್ಧದಲ್ಲಿ ಮನೆಯವರಿಂದ ದೂರವಾದ ಮಕ್ಕಳನ್ನು ಮನೆಗೆ ಸೇರಿಸಲು ಓಡಾಡಿದ್ದು ಕತಾರ್. ಈ ಕೆಲಸದಲ್ಲಿ ಅವರೆಲ್ಲರಿಗಿಂತ ಮೊದಲು ಕೈ ಸುಟ್ಟುಕೊಂಡು ಕಲಿತವರು ನಾವು, ಅಲ್ವಾ?

1949ರ ಜಿನೀವಾ ಒಪ್ಪಂದದಲ್ಲೇ ದಾರಿಯಿದೆ. ಗಾಯಗೊಂಡ, ಕಾಯಿಲೆ ಬಿದ್ದ ಯುದ್ಧಕೈದಿಗಳನ್ನು ತಟಸ್ಥ ದೇಶ ತನ್ನಲ್ಲಿ ಇಟ್ಟುಕೊಂಡು ನೋಡಿಕೊಳ್ಳಬಹುದು. ಬಹಳ ಕಾಲ ಸೆರೆಯಲ್ಲಿ ಇರುವವರನ್ನೂ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಸೇನಾ ಆಸ್ಪತ್ರೆಗಳಿವೆ. ಮಾಸ್ಕೊ, ಕೀವ್ ಎರಡೂ ಕಡೆ ನಮ್ಮ ಫೋನ್ ಎತ್ತುವವರಿದ್ದಾರೆ. ಮೊದಲಿಗೆ ಇಷ್ಟೇ ಜನ ಅಂತ ಸಂಖ್ಯೆ ಹಾಕಿ, ಖರ್ಚು ನಮ್ಮದು ಅಂತ ಬರೆದು, ವಿದೇಶಾಂಗ ಸಚಿವಾಲಯ ಎರಡೂ ಕಡೆಗೆ ಕಳಿಸಲಿ. ಬೇಡ ಅಂದರೆ ಅನ್ನಲಿ. 1952ರಲ್ಲೂ ಮೊದಲು ಬೇಡ ಅಂದಿದ್ದರು.

— ನಿವೃತ್ತ ಶಿಕ್ಷಕಿ, ವಿರಾಜಪೇಟೆ